ಚಕಮಕಿ ಕಲ್ಲಿನ ಕೋವಿ: ಗುರಿ ತಪ್ಪೋದು ಎಲ್ಲಿ, ಸರಿ ಮಾಡೋದು ಹೇಗೆ?

ಮಲೆನಾಡು, ಕೊಡಗಿನ ಕಡೆಯ ಹಿರಿಯರಿಗೆ ಕೇಪಿನ ಕೋವಿ ಗೊತ್ತು. ನಳಿಗೆ ಬಾಯಿಂದಲೇ ಮದ್ದು, ಗುಂಡು ತುಂಬಿ, ಹಿಂದೆ ಕೇಪು ಇಟ್ಟು ಹೊಡೆಯೋದು. ಆ ಕೇಪು ಬರೋಕೆ ಮುಂಚೆ ಇದ್ದದ್ದು ಚಕಮಕಿ ಕಲ್ಲಿನ ಕೋವಿ, ಅಂದ್ರೆ ಫ್ಲಿಂಟ್‌ಲಾಕ್. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಬಂದೂಕುಗಳೂ ಇದೇ ಜಾತಿಯವು. ಈಗ ಇದನ್ನು ಆಟವಾಗಿ ಉಳಿಸಿಕೊಂಡವರಲ್ಲಿ ಅಮೆರಿಕದವರು ಮುಂದು. 1933ರಲ್ಲಿ ಶುರುವಾದ ಅಲ್ಲಿನ ನ್ಯಾಷನಲ್ ಮಝಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್, ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಅನ್ನೋ ಊರಲ್ಲಿ ಗುರಿ ಸ್ಪರ್ಧೆ ನಡೆಸುತ್ತದೆ. ಅಲ್ಲಿನವರ ಮೆಚ್ಚಿನ ಕೋವಿ ಪೆನ್ಸಿಲ್ವೇನಿಯಾದ ಉದ್ದ ನಳಿಗೆ ರೈಫಲ್. ಜರ್ಮನಿ, ಸ್ವಿಟ್ಜರ್ಲೆಂಡ್ ಮೂಲದ ಕಮ್ಮಾರರು 18ನೇ ಶತಮಾನದಲ್ಲಿ ಅದನ್ನು ಬೆಳೆಸಿದರು.

ಈ ಕೋವಿಯಲ್ಲಿ ಟ್ರಿಗರ್ ಎಳೆದ ತಕ್ಷಣ ಗುಂಡು ಹೋಗಲ್ಲ. ಕಲ್ಲು ಉಕ್ಕಿನ ತಗಡಿಗೆ ಬಡಿದು ಕಿಡಿ ಬೀಳಬೇಕು, ಪಕ್ಕದ ಬಟ್ಟಲಿನ ಮದ್ದು ಹೊತ್ತಬೇಕು, ಆ ಬೆಂಕಿ ಸಣ್ಣ ತೂತಿನಿಂದ ಒಳಗಿನ ಮದ್ದಿಗೆ ತಲುಪಬೇಕು. ಒಳ್ಳೆ ಕೋವಿಯಲ್ಲಿ ಇಷ್ಟಕ್ಕೂ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಆದರೆ ಕಣ್ಣೆದುರೇ ಬೆಂಕಿ ಹೊತ್ತಿದಾಗ ಮನುಷ್ಯ ಬೆಚ್ಚುತ್ತಾನೆ, ಅಷ್ಟರಲ್ಲಿ ನಳಿಗೆ ಅಲುಗಿರುತ್ತೆ. ಹೆಚ್ಚಿನ ಗುರಿ ತಪ್ಪೋದು ಇಲ್ಲೇ.

ಅದಕ್ಕೆ ಮದ್ದು ಅಭ್ಯಾಸ. ಖಾಲಿ ಕೋವಿಗೆ ಕಲ್ಲಿನ ಬದಲು ಅದೇ ಅಳತೆಯ ಮರದ ತುಂಡು ಕಚ್ಚಿಸಿ ಟ್ರಿಗರ್ ಎಳೆಯುತ್ತಾ ಇರಬೇಕು. ಸದ್ದಾದ ಮೇಲೂ ಮುಂದಿನ ಗುರಿಮೊಳೆಯಿಂದ ಕಣ್ಣು ತೆಗೆಯಬಾರದು. ಬೇಜಾರಿನ ಕೆಲಸವೇ, ಆದರೆ ದುಬಾರಿ ಕೋವಿ ಕೊಳ್ಳೋದಕ್ಕಿಂತ ಇದೇ ಜಾಸ್ತಿ ಕೆಲಸಕ್ಕೆ ಬರುತ್ತೆ.

ಆಮೇಲೆ ಬೆಂಕಿಯ ದಾರಿ. ಕಲ್ಲಿನ ಅಂಚು ಹರಿತವಾಗಿದ್ದು ತಗಡಿಗೆ ನೇರ ಕೂರಬೇಕು. ಕಲ್ಲು ಜಾರದಂತೆ ಚರ್ಮದ ತುಂಡು ಸುತ್ತುತ್ತಾರೆ. ಬಟ್ಟಲಿಗೆ ಮದ್ದು ಸ್ವಲ್ಪವೇ ಸಾಕು. ತೂತಿನೊಳಗೆ ಮದ್ದು ತುಂಬಿಕೊಂಡರೆ ಬತ್ತಿ ಥರ ನಿಧಾನ ಉರಿಯುತ್ತೆ, ಹಾಗಾಗಿ ತೆಳು ತಂತಿಯಿಂದ ಚುಚ್ಚಿ ಬಿಡಿಸಿಕೊಳ್ಳಬೇಕು.

ಗುಂಡಿನ ವಿಚಾರದಲ್ಲಿ ಬಟ್ಟೆಯೇ ಮುಖ್ಯ. ನಳಿಗೆ ಒಳಗಿನ ಸುರುಳಿ ಗೀರುಗಳನ್ನು ಕಚ್ಚೋದು ಸೀಸದ ಗುಂಡಲ್ಲ, ಅದಕ್ಕೆ ಸುತ್ತಿದ ಜಿಡ್ಡು ಸವರಿದ ಹತ್ತಿ ಬಟ್ಟೆ. .50 ಕ್ಯಾಲಿಬರ್ ನಳಿಗೆಗೆ ಸಾಮಾನ್ಯವಾಗಿ .490 ಇಂಚಿನ ಗುಂಡು, ಇಂಚಿನ ಸಾವಿರದ 15 ಭಾಗ ದಪ್ಪದ ಬಟ್ಟೆ. ಹೊಡೆದ ಮೇಲೆ ಬಿದ್ದ ಬಟ್ಟೆ ಹೆಕ್ಕಿ ನೋಡಿ: ಸುಟ್ಟು ಹರಿದಿದ್ರೆ ಬಟ್ಟೆ ತೆಳುವಾಯ್ತು, ಇಲ್ಲಾ ಜಿಡ್ಡು ಸಾಲದು. ಮದ್ದಿನ ಅಳತೆಯನ್ನು ತಯಾರಕರು ಹೇಳಿದ ಮಿತಿಯೊಳಗೆ 5 ಗ್ರೇನ್‌ನಂತೆ ಬದಲಿಸುತ್ತಾ, ಒಂದೊಂದು ಅಳತೆಗೂ ನಾಲ್ಕೈದು ಗುಂಡು ಹೊಡೆದು, ಯಾವುದರಲ್ಲಿ ತೂತುಗಳು ಒತ್ತಾಗಿ ಬೀಳುತ್ತವೆ ಅಂತ ನೋಡಬೇಕು. ಪ್ರತಿ ಗುಂಡಿನ ನಂತರ ಒದ್ದೆ ಬಟ್ಟೆಯಿಂದ ನಳಿಗೆ ಒರೆಸಬೇಕು. ಮಸಿ ಗಾಳಿಯ ತೇವ ಹೀರಿ ಅಂಟಾಗುತ್ತೆ, ಮಳೆಗಾಲದಲ್ಲಂತೂ ಕೇಳೋದೇ ಬೇಡ.

ಇನ್ನು ಜೀವದ ಮಾತು. ಕಪ್ಪು ಮದ್ದು ಬಿಟ್ಟು ಈಗಿನ ಹೊಗೆರಹಿತ ಮದ್ದು ಹಾಕಿದರೆ ನಳಿಗೆ ಸಿಡಿಯುತ್ತೆ. ಗುಂಡು ಮದ್ದಿನ ಮೇಲೆ ಕೂರದೆ ನಡುವೆ ಖಾಲಿ ಉಳಿದರೂ ಅದೇ ಅಪಾಯ. ಅದಕ್ಕೇ ಜಡಿಯುವ ಕೋಲಿನ ಮೇಲೆ ಗುರುತು ಹಾಕಿಡುತ್ತಾರೆ. ಬಟ್ಟಲಲ್ಲಿ ಬೆಂಕಿ ಬಂದು ಗುಂಡು ಹಾರದಿದ್ದರೆ ಬಾಯಿ ಗುರಿಯ ಕಡೆಗೇ ಇಟ್ಟು ಕನಿಷ್ಠ ಒಂದು ನಿಮಿಷ ಕಾಯಬೇಕು, ಬಗ್ಗಿ ನೋಡೋ ಹಾಗಿಲ್ಲ.

ನಮ್ಮಲ್ಲಿ, ಹಳೇದಾದರೂ ಹೊಡೆಯುವ ಕೋವಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗಿರುವ ವಿನಾಯಿತಿ ಬೇರೆ. ಅಟ್ಟದಲ್ಲಿ ಅಜ್ಜನ ಕಾಲದ ಕೋವಿ ಸಿಕ್ಕರೆ ಖಾಲಿ ಅಂತ ನಂಬಬೇಡಿ. ಎಷ್ಟೋ ವರ್ಷದ ಹಿಂದೆ ತುಂಬಿದ ಮದ್ದೂ ಹೊತ್ತಬಹುದು. ಬಾಯಿ ನಿಮ್ಮ ಕಡೆ ತಿರುಗಿಸದೆ, ಮಕ್ಕಳ ಕೈಗೆ ಕೊಡದೆ, ಪೊಲೀಸ್ ಠಾಣೆಗೆ ಮೊದಲು ತಿಳಿಸಿ.