ಧಾತು–ಈಶ್ವರ ಸಂವತ್ಸರಗಳ ಕ್ಷಾಮವೂ ಬಯಲಿನ ಪ್ರಶ್ನೆಯೂ

ಪ್ರಭವಾದಿ ಅರವತ್ತು ಸಂವತ್ಸರಗಳ ಗಣನೆಯಲ್ಲಿ ಹತ್ತನೆಯದು ಧಾತು, ಹನ್ನೊಂದನೆಯದು ಈಶ್ವರ, ಹನ್ನೆರಡನೆಯದು ಬಹುಧಾನ್ಯ. ಕ್ರಿ.ಶ. 1876ರ ಯುಗಾದಿಯಿಂದ 1878ರ ಯುಗಾದಿಯವರೆಗೆ ನಡೆದವು ಮೊದಲಿನ ಎರಡು. ಹಳೆಯ ಮೈಸೂರು ಸೀಮೆಯ ಜನ ಆ ಎರಡು ವರ್ಷಗಳನ್ನು ಬಹುಕಾಲ ಮರೆಯಲಿಲ್ಲ. 'ದಾತು ಈಶ್ವರನ ಬರ' ಎಂಬ ಮಾತು ನನ್ನ ಬಾಲ್ಯದವರೆಗೂ ಮುದುಕರ ಬಾಯಲ್ಲಿ ಉಳಿದಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರವೆಂದು ದಾಖಲಾಗಿತ್ತು. 1881ರಲ್ಲಿ ಅದು ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಹುಟ್ಟಿದವರನ್ನೆಲ್ಲ ಕೂಡಿಸಿಕೊಂಡ ಮೇಲೆಯೂ ಇಷ್ಟು ಇಳಿತವೆಂದರೆ, ಐದು ಮಂದಿಯಲ್ಲಿ ಒಬ್ಬರಷ್ಟು ಜನ ಹೋದರೆಂದೇ ಲೆಕ್ಕ.

ಇತಿಹಾಸದ ಪಾಠ ಮಾಡುವಾಗ ನಾನು ಈ ಸಂಖ್ಯೆಗಳನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ನಿವೃತ್ತಿಗೆ ಕೆಲವು ವರ್ಷ ಮೊದಲು ಹತ್ತನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಆ ವರ್ಷಕ್ಕೆ ಈಶ್ವರ ಅಂತ ಹೆಸರಿಟ್ಟವರು ಯಾರು?" ಎಂದು ಕೇಳಿದಳು. ತರಗತಿಯಲ್ಲಿ ನಗು ಎದ್ದಿತು. ಅವಳು ನಗಲಿಲ್ಲ. ಪಂಚಾಂಗದ ಕ್ರಮವನ್ನು ವಿವರಿಸಿ ಕೂರಿಸಿದೆನಾದರೂ ಅವಳು ಕೇಳಿದ್ದು ಪಂಚಾಂಗವನ್ನಲ್ಲವೆಂಬುದು ನನಗೆ ತಿಳಿದಿತ್ತು. ಈ ಜಗತ್ತಿಗೆ ನಮ್ಮ ಇರವು ಅಳಿವುಗಳ ಪರಿವೆಯೇ ಇಲ್ಲವಾದರೆ ಬಾಳಿಗೆ ಅರ್ಥವೆಲ್ಲಿಂದ ಬರಬೇಕು? ಅವಳ ಪ್ರಶ್ನೆ ಇದು. ಉತ್ತರವೆಂದು ಹೇಳುವಷ್ಟು ಧೈರ್ಯವಿಲ್ಲ. ಆದರೂ ಬರದ ಚರಿತ್ರೆಯನ್ನೂ ಶರಣರ ವಚನಗಳನ್ನೂ ಎದುರುಬದುರು ಇರಿಸಿ ನೋಡಬೇಕೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಬರದ ಕಾರಣವನ್ನು ನೋಡೋಣ. 1876ರಲ್ಲಿ ಮಳೆ ಕೈಕೊಟ್ಟಿತು. 1877ರ ಮುಂಗಾರೂ ತಡವಾಯಿತು, ಬಹುಮಟ್ಟಿಗೆ ಸೋತಿತು. ಮಲೆನಾಡಿಗೆ ತಗುಲಿದ್ದು ಕಡಿಮೆ. ಚಿತ್ರದುರ್ಗ, ತುಮಕೂರು, ಕೋಲಾರಗಳ ಬಯಲುಸೀಮೆ ಬೆಂದುಹೋಯಿತು. ನಮ್ಮ ದಾವಣಗೆರೆ, ಹರಿಹರಗಳು ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಹೀಗೇಕಾಯಿತೆಂದು ಅಂದಿನವರು ತಮಗೆ ತಿಳಿದಂತೆ ಹುಡುಕಿದರು. ಹಳ್ಳಿಯವರು ಯಾರ ಪಾಪವೆಂದು ಹುಡುಕಿದರೆ, ಆಂಗ್ಲ ವಿದ್ವಾಂಸನಾದ ಹಂಟರನು 1877ರಲ್ಲಿ ಸೂರ್ಯಮಂಡಲದ ಕಲೆಗಳ ಏರಿಳಿತದಲ್ಲಿ ದಕ್ಷಿಣ ಭಾರತದ ಕ್ಷಾಮಗಳ ಸುಳಿವನ್ನು ಹುಡುಕಿದನು. ನಿಜವಾದ ಎಳೆ ಸಿಕ್ಕಿದ್ದು ಬಹಳ ತಡವಾಗಿ. ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರನು 1920ರ ದಶಕದಲ್ಲಿ, ಶಾಂತಸಾಗರದ ಎರಡು ತುದಿಗಳಲ್ಲಿ ವಾಯುಭಾರವು ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ಗುರುತಿಸಿದನು. 1969ರಲ್ಲಿ ಬ್ಯರ್ಕ್ನೆಸ್ ಎಂಬ ವಿಜ್ಞಾನಿ ಅದಕ್ಕೂ ಪೆರು ದೇಶದ ಕಡಲು ಬೆಚ್ಚಗಾಗುವುದಕ್ಕೂ ಇರುವ ನಂಟನ್ನು ತೋರಿಸಿದನು. ಈ ಬಿಸಿಯೇ ಎಲ್ ನಿನೊ. 1877ರಲ್ಲಿ ಅದು ಅತ್ಯಂತ ಪ್ರಬಲವಾಗಿತ್ತು. ಅದೇ ಕಾಲದಲ್ಲಿ ಉತ್ತರ ಚೀನದಲ್ಲಿಯೂ ಬ್ರೆಜಿಲಿನ ಈಶಾನ್ಯ ಭಾಗದಲ್ಲಿಯೂ ಜನ ಹಸಿದು ಸತ್ತರು. ಹತ್ತು ಸಾವಿರ ಮೈಲಿ ದೂರದ ನೀರು ಬೆಚ್ಚಗಾದುದಕ್ಕೆ ನಮ್ಮ ಹೊಲದ ರಾಗಿ, ಜೋಳಗಳು ಒಣಗಿದವು. ಆ ನೀರಿಗೆ ನಮ್ಮ ಊರಿನ ಹೆಸರು ಗೊತ್ತಿರಲಿಲ್ಲ.

ಇಲ್ಲೊಂದು ವಿಚಿತ್ರವನ್ನು ಹೇಳದಿರಲಾರೆ. ಎರಡು ಆವರ್ತಗಳು ಕಳೆದು, ಅಂದರೆ 120 ವರ್ಷಗಳ ತರುವಾಯ, 1997ರಲ್ಲಿ ಮತ್ತೆ ಈಶ್ವರ ಸಂವತ್ಸರ ಬಂದಿತು. ಅದೇ ವರ್ಷ ಶಾಂತಸಾಗರದಲ್ಲಿ ಶತಮಾನದ ಮಹಾ ಎಲ್ ನಿನೊಗಳಲ್ಲೊಂದು ಎದ್ದಿತು. ಸಂವತ್ಸರದ ಹೆಸರಿನಲ್ಲಿ ಗುಟ್ಟಿದೆಯೆಂದು ನಂಬುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಆ ವರ್ಷ ಭಾರತದ ಒಟ್ಟು ಮುಂಗಾರು ಸೋಲಲಿಲ್ಲ. ದಾವಣಗೆರೆಯು ಹೊಸ ಜಿಲ್ಲೆಯಾದ ವರ್ಷವದು. ಊರಿನಲ್ಲಿ ಸಂಭ್ರಮವೇ ಇತ್ತು. ಹೆಸರಿಗೂ ಹಸಿವಿಗೂ ಸಂಬಂಧವಿಲ್ಲ. ಬರದ ಎರಡು ವರ್ಷ ಮುಗಿದ ಮೇಲೆ ಬಂದದ್ದು ಬಹುಧಾನ್ಯವೆಂಬುದೂ ಬರಿಯ ಎಣಿಕೆಯ ಕ್ರಮ. ಆಕಾಶವು ನಮ್ಮನ್ನು ಗೇಲಿ ಮಾಡಿದುದೂ ಅಲ್ಲ, ಸಂತೈಸಿದುದೂ ಅಲ್ಲ.

ಇದನ್ನು ಕೇಳಿ ಭಕ್ತರಾದ ವಾಚಕರು ಮುನಿಯಬೇಕಾಗಿಲ್ಲ. ಆಕಾಶಕ್ಕೆ ನಮ್ಮ ವಿಷಯದಲ್ಲಿ ಅಭಿಪ್ರಾಯವಿಲ್ಲವೆಂಬ ಮಾತನ್ನು ನಮ್ಮ ಹಿರಿಯರು ಹನ್ನೆರಡನೆಯ ಶತಮಾನದಲ್ಲಿಯೇ ಬೇರೊಂದು ಬಗೆಯಲ್ಲಿ ಹೇಳಿದ್ದರು. ಲಗ್ನಬಲ, ತಾರಾಬಲಗಳನ್ನು ನೋಡಿ ಬಾಳನ್ನು ನಡೆಸುವುದನ್ನು ಬಸವಣ್ಣನವರು ಒಪ್ಪಲಿಲ್ಲ. ನಮ್ಮವರು ಬಂದು ಕೇಳಿದ ಹೊತ್ತೇ ಒಳ್ಳೆಯ ಹೊತ್ತೆಂಬುದು ಅವರ ನಿಲುವಿನ ತಾತ್ಪರ್ಯ. ಗ್ರಹಕ್ಕೆ ಶುಭವೂ ಇಲ್ಲ, ಅಶುಭವೂ ಇಲ್ಲ. ಅದು ಹುಟ್ಟುವುದು ಮನುಷ್ಯರ ನಡುವೆ. ಇದರಿಂದ ಶರಣರು ಆಧುನಿಕ ವಿಜ್ಞಾನವನ್ನೆಲ್ಲ ಮೊದಲೇ ಕಂಡಿದ್ದರೆಂದು ಸಾಧಿಸಹೊರಡುವ ಲೇಖನಗಳು ನಮ್ಮಲ್ಲಿ ಬೇಕಾದಷ್ಟು ಬಂದಿವೆ. ಆ ದಾರಿ ನನ್ನದಲ್ಲ. ಅಲ್ಲಮಪ್ರಭುದೇವರ ಬಯಲು ವಿಜ್ಞಾನಿಯ ಶೂನ್ಯಾಕಾಶವಲ್ಲ. ಒಂದು ಅಳತೆಗೆ ಸಿಗುವಂಥದು, ಇನ್ನೊಂದು ಅಳೆಯುವವನನ್ನೇ ಕರಗಿಸಿಕೊಳ್ಳುವಂಥದು. ಆದರೂ ಹೊರಗೆ ಆಸರೆ ಹುಡುಕುವ ಮನಸ್ಸಿನ ಕೈಯಿಂದ ಒಂದೊಂದೇ ಊರುಗೋಲನ್ನು ಕಿತ್ತುಕೊಳ್ಳುವ ನಿಷ್ಠುರತೆ ಎರಡರಲ್ಲಿಯೂ ಇದೆ.

ಮೂಲದ ಪ್ರಶ್ನೆಗೆ ಬರುತ್ತೇನೆ. ಬರವು ಪ್ರಕೃತಿಯದಾದರೆ ಸಾವುಗಳೂ ಪ್ರಕೃತಿಯವೇ? ಇಲ್ಲಿ ಚರಿತ್ರೆ ನಮ್ಮನ್ನು ಸುಮ್ಮನೆ ಬಿಡುವುದಿಲ್ಲ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿತ್ತು. 1877ರ ಜನವರಿ 1ರಂದು, ದಕ್ಷಿಣದಲ್ಲಿ ಜನ ಹುಣಸೆಯ ಬೀಜ ಬೇಯಿಸಿ ತಿನ್ನುತ್ತಿದ್ದಾಗ, ವೈಸರಾಯ್ ಲಿಟ್ಟನ್ನನು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಗೆ ಚಕ್ರವರ್ತಿನಿಯ ಪದವಿಯನ್ನು ಸಾರುವ ದರ್ಬಾರು ನಡೆಸಿದನು. ಧಾನ್ಯದ ವ್ಯಾಪಾರಕ್ಕೆ ಸರಕಾರ ಕೈಹಾಕಕೂಡದೆಂಬ ಸಿದ್ಧಾಂತ ಅವನದು. ಕ್ಷಾಮದ ನಡುವೆಯೂ ದೇಶದಿಂದ ಗೋಧಿ ಹೊರಕ್ಕೆ ಹೋಗುತ್ತಿತ್ತು. ಮದ್ರಾಸು ಪ್ರಾಂತದಲ್ಲಿ ಕಲ್ಲು ಹೊತ್ತು ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಜೊತೆಗೆ ಅಲ್ಪ ಕಾಸೂ ಸಾಕೆಂದು ಸರ್ ರಿಚರ್ಡ್ ಟೆಂಪಲನು ಗೊತ್ತುಪಡಿಸಿದನು. ಅಲ್ಲಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷನು ಇಷ್ಟರಲ್ಲಿ ಮನುಷ್ಯ ಬದುಕಲಾರನೆಂದು ವಾದಿಸಿದನು. ಆ ಸರಕಾರದ ನೌಕರನೇ ಆಗಿದ್ದೂ ಹೀಗೆ ನುಡಿದ ಈ ವೈದ್ಯನ ಹೆಸರನ್ನು ನಮ್ಮ ಪಠ್ಯಪುಸ್ತಕಗಳು ಕೈಬಿಟ್ಟಿರುವುದು ಸರಿಯಲ್ಲ. ಮೈಸೂರಿನಲ್ಲಿ ಗಂಜಿಕೇಂದ್ರಗಳೂ ಕಾಮಗಾರಿಗಳೂ ನಡೆದವು. ಕ್ಷಾಮದಿಂದಾದ ಸಾಲವೇ ಸಂಸ್ಥಾನದ ಮೇಲೆ 80 ಲಕ್ಷ ರೂಪಾಯಿ ಕೂತಿತು. 1881ರಲ್ಲಿ ರಾಜ್ಯವನ್ನು ಮರಳಿ ಪಡೆದ ಚಾಮರಾಜ ಒಡೆಯರಿಗೆ ಆ ಸಾಲವೂ ಜೊತೆಗೆ ಬಂದಿತು.

ಆದುದರಿಂದ ಎರಡು ಬಗೆಯ ನಿರ್ಲಕ್ಷ್ಯವನ್ನು ಬೇರೆಬೇರೆಯಾಗಿ ನೋಡಬೇಕಾಗುತ್ತದೆ. ಕಡಲಿನದು ಒಂದು, ಅದಕ್ಕೆ ಕಣ್ಣಿಲ್ಲ, ಆದ್ದರಿಂದ ತಪ್ಪೂ ಇಲ್ಲ. ಕಣ್ಣಿದ್ದವರದು ಇನ್ನೊಂದು. ಬ್ರಹ್ಮಾಂಡಕ್ಕೆ ಕರುಣೆಯಿಲ್ಲವೆಂದು ಕೊರಗುವವರು ಅನೇಕ ಸಲ ಎರಡನೆಯದನ್ನು ಮೊದಲನೆಯದರ ಹಿಂದೆ ಬಚ್ಚಿಡುತ್ತಾರೆ. ಯೂರೋಪಿನಲ್ಲಿ 1755ರ ನವೆಂಬರ್ 1ರಂದು, ಹಬ್ಬದ ದಿನವೇ, ಲಿಸ್ಬನ್ ನಗರ ಭೂಕಂಪದಿಂದ ಕುಸಿದು ಚರ್ಚುಗಳಲ್ಲಿ ಸೇರಿದ್ದ ಜನ ಸತ್ತಾಗ ವಾಲ್ಟೇರನಂಥವರು ಇದೇ ಪ್ರಶ್ನೆಯನ್ನು ಎತ್ತಿದರು. ಅಲ್ಲಿ ಕೆಡಹಿದ್ದು ನೆಲ. ನಮ್ಮ ಬರ ಹಾಗಲ್ಲ. ನಿಧಾನವಾಗಿ, ಎರಡು ವರ್ಷ, ಎಲ್ಲರ ಕಣ್ಣೆದುರಿಗೆ ನಡೆದದ್ದು.

ಲಿಟ್ಟನ್ನನನ್ನು ದೂರಿ ಮುಗಿಸಿಬಿಡುವುದು ಸುಲಭ. ನನಗೆ ಹಾಗೆ ಮುಗಿಸಲು ಬಾರದು. ನನ್ನ ಅಜ್ಜಿಯ ಅತ್ತೆ ಆ ಬರದಲ್ಲಿ ಎಂಟು ವರ್ಷದ ಹುಡುಗಿ. ಆಕೆ ಹೇಳಿದ್ದನ್ನು ಅಜ್ಜಿ ನನಗೆ ಹೇಳಿದ್ದಳು. ನಮ್ಮ ಹಳ್ಳಿಯ ಮನೆಯ ಅಂಗಳದಲ್ಲಿ ಒಂದು ಹಗೇವು ಇತ್ತು. ಬರದ ಎರಡನೆಯ ವರ್ಷದಲ್ಲಿಯೂ ಅದರಲ್ಲಿ ಜೋಳವಿತ್ತಂತೆ. ಊರೆಲ್ಲ ಮಲಗಿದ ಮೇಲೆ ಬಾಯಿಬಂಡೆಯನ್ನು ಸರಿಸಿ ಒಬ್ಬನನ್ನು ಒಳಗಿಳಿಸಿ, ಸೇರಿನಲ್ಲಿ ಅಳೆದು ತೆಗೆದು, ಬೀಸುವ ಸದ್ದು ಕೇಳದಂತೆ ಕಾಳನ್ನು ಬೇಯಿಸಿಯೇ ಉಣ್ಣುತ್ತಿದ್ದರಂತೆ. ನಮ್ಮ ಹೊಲದಲ್ಲಿ ತಲೆಮಾರುಗಳಿಂದ ದುಡಿದಿದ್ದ ಒಂದು ಮನೆಯವರು ಇರುವೆಗೂಡುಗಳನ್ನು ಅಗೆದು ಕಾಳು ಹೆಕ್ಕುತ್ತಿದ್ದರು. ಅವರಲ್ಲಿ ಯಾರೂ ಉಳಿಯಲಿಲ್ಲ. ಇಷ್ಟು ಹೇಳಿ ಅಜ್ಜಿ, "ಅವರವರ ಕರ್ಮ ಕಣಪ್ಪಾ, ಯಾರೇನು ಮಾಡಕ್ಕಾಗುತ್ತೆ" ಎನ್ನುತ್ತಿದ್ದಳು. ಅವಳ ಅತ್ತೆಯೂ ಹಾಗೆಯೇ ಹೇಳುತ್ತಿದ್ದಿರಬೇಕು.

ಕರ್ಮವೆಂಬ ಈ ಮಾತಿನ ಬಗ್ಗೆ ವಚನಗಳಲ್ಲಿ ಒಂದೇ ದನಿಯಿಲ್ಲ; ಇದೆಯೆಂದು ಹೇಳುವುದು ಪ್ರಾಮಾಣಿಕವಲ್ಲ. ಭವಭವದ ಮಾತು ಅಲ್ಲಿ ಉಂಟು. ಆದರೆ ಲಿಂಗದೀಕ್ಷೆಯಾದವನಿಗೆ ಪೂರ್ವದ ಕರ್ಮವಿಲ್ಲವೆಂಬುದು ಶರಣಧರ್ಮದ ನಡುಗಂಬ. ಆ ದೀಕ್ಷೆಯನ್ನು ಪಡೆದ ಮನೆಯವರೇ ನೆರೆಯವನ ಹಸಿವಿಗೆ ಕರ್ಮದ ಹೆಸರು ಹೇಳಿದರೆ, ಅವರು ಕಾಯುತ್ತಿದ್ದುದು ಸಿದ್ಧಾಂತವನ್ನಲ್ಲ, ಹಗೇವನ್ನು. ಅರ್ಥವಿಲ್ಲದ ಜಗತ್ತನ್ನು ಕಂಡು ನಾವು ಅಂಜುತ್ತೇವೆ. ಅದಕ್ಕಿಂತ ಅಂಜಬೇಕಾದುದು ಎಲ್ಲಕ್ಕೂ ಅರ್ಥವನ್ನು ಸಿದ್ಧವಾಗಿಟ್ಟುಕೊಂಡ ಮನಸ್ಸಿಗೆ ಎಂದು ನನಗೆ ಈ ಕಥೆಯಿಂದ ತೋರಿತು. ಸತ್ತವರ ಸಾವಿಗೆ ಅರ್ಥವನ್ನು ಕೊಟ್ಟವರು ಬಂಡೆಯನ್ನು ಸರಿಸಲಿಲ್ಲ.

ಈ ಹಿನ್ನೆಲೆಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಮತ್ತೆ ಓದಬೇಕು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಅವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿಸುತ್ತಾಳೆ. ಇದನ್ನು ನಿರಾಸೆಯ, ಬಡತನದ ಆದರ್ಶವೆಂದು ತರಗತಿಯಲ್ಲಿ ಮೂವತ್ತು ವರ್ಷ ಹೇಳಿದವನು ನಾನು. ಅದು ತಪ್ಪಲ್ಲ, ಸಾಲದು. ಮನೆಯೊಳಗೆ ಬಂದ ಹೆಚ್ಚಿನ ಅಕ್ಕಿ ಬೇರೊಬ್ಬರ ಪಾಲೆಂಬ ಲೆಕ್ಕ ಆ ತಾಯಿಯದು. ಜೇಡರ ದಾಸಿಮಯ್ಯನಿಗೆ ತೆಗೆದಷ್ಟೂ ಮುಗಿಯದ ತವನಿಧಿ ದೊರೆಯಿತೆಂಬ ಕಥೆಯನ್ನು ನಮ್ಮ ಪುರಾಣಗಳು ಸಂಭ್ರಮದಿಂದ ಹೇಳುತ್ತವೆ. 1877ರಲ್ಲಿ ಯಾರ ಮನೆಯಲ್ಲಿಯೂ ತವನಿಧಿ ಉಕ್ಕಲಿಲ್ಲ. ಲಕ್ಕಮ್ಮನ ಪ್ರಸಂಗದಲ್ಲಿ ಪವಾಡವಿಲ್ಲ. ಮೇಲಿನಿಂದ ಏನೂ ಬೀಳುವುದಿಲ್ಲವೆಂಬ ತಿಳಿವಳಿಕೆಯಿಂದಲೇ ಅದು ಮೊದಲಾಗುತ್ತದೆ. ಆದ್ದರಿಂದಲೇ ಬರಗಾಲಕ್ಕೆ ಒದಗುವ ಕಥೆ ಅದೊಂದೇ.

ಇನ್ನೊಂದು ಸೂಕ್ಷ್ಮವುಂಟು. ಅರಿವಿನ ಮಾತುಗಳನ್ನು ಕೇಳುತ್ತ ಮಾರಯ್ಯ ಮೈಮರೆತಾಗ ಕಾಯಕ ನಿಂತುಹೋದುದನ್ನು ನೆನಪಿಸಿ ಎಬ್ಬಿಸುವವಳೂ ಲಕ್ಕಮ್ಮನೇ. ಬಯಲಿನ ಮಹಾತತ್ತ್ವವನ್ನು ಸಾರುವುದಕ್ಕೆಂದೇ ಸಂಕಲನಗೊಂಡ ಶೂನ್ಯಸಂಪಾದನೆಯಲ್ಲಿ ಇಂಥ ಪ್ರಸಂಗಗಳಿಗೆ ಎಡೆಕೊಟ್ಟಿರುವುದು ಗಮನಾರ್ಹ. ಹಗ್ಗ ಹೊಸೆಯುವ ನುಲಿಯ ಚಂದಯ್ಯನಂತೂ ಕೈಜಾರಿ ಬಿದ್ದ ಲಿಂಗಕ್ಕಾಗಿ ನಿಲ್ಲದೆ ಹುಲ್ಲಿನ ಹೊರೆಯನ್ನು ಹೊತ್ತು ನಡೆದವನು. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣನವರೆಗಿನ ಸಂಪಾದನಕಾರರು ಕಲ್ಯಾಣದ ಕ್ರಾಂತಿಯಾಗಿ ಕೆಲವು ಶತಮಾನಗಳ ತರುವಾಯ ಬರೆದವರು. 1167–68ರ ಸುಮಾರಿನಲ್ಲಿ ಕಲ್ಯಾಣ ಒಡೆದುಹೋದುದನ್ನೂ ಶರಣರು ಚದುರಿದುದನ್ನೂ ಬಲ್ಲವರು. ನ್ಯಾಯವೇ ಗೆಲ್ಲುತ್ತದೆಂಬ ಭರವಸೆಯನ್ನು ಲೋಕದಿಂದ ಪಡೆಯುವ ಸ್ಥಿತಿ ಅವರದಾಗಿರಲಿಲ್ಲ. ಅವರು ಸಂಪಾದಿಸಹೊರಟದ್ದು ಶೂನ್ಯವನ್ನು. ಈ ಪದವನ್ನು 'ಏನೂ ಇಲ್ಲದಿರುವುದು' ಎಂದು ಅರ್ಥೈಸುವುದು ತಪ್ಪೆಂದು ವಿದ್ವಾಂಸರು ಸರಿಯಾಗಿಯೇ ಹೇಳಿದ್ದಾರೆ. ಆದರೆ ಅದರ ಒಳಗಿರುವ ಆ ಕಠೋರವಾದ 'ಇಲ್ಲ'ವನ್ನು ಪೂರ್ತಿ ತೊಳೆದುಬಿಡುವುದೂ ತಪ್ಪು.

ನಮ್ಮ ಕಾಲದ ಕನ್ನಡವೂ ಈ ಎರಡು ದನಿಗಳನ್ನು ಒಟ್ಟಿಗೆ ಕೇಳಿಸಿಕೊಂಡಿದೆ. 'ಶೂನ್ಯಸಂಪಾದನೆಯ ಪರಾಮರ್ಶೆ'ಯನ್ನು ಬರೆದ ಸಂ. ಶಿ. ಭೂಸನೂರಮಠರಿಗೂ, ದೇವರ ಇರವನ್ನೇ ಸಂದೇಹಿಸಿ ತೊಂಬತ್ತರ ಹೊಸ್ತಿಲಲ್ಲಿ 'ದೇವರು' ಎಂಬ ಗ್ರಂಥವನ್ನು ಬರೆದ ಎ. ಎನ್. ಮೂರ್ತಿರಾಯರಿಗೂ ಸಂದದ್ದು ಒಂದೇ ಪಂಪ ಪ್ರಶಸ್ತಿ, ಅದೂ ಕೆಲವೇ ವರ್ಷಗಳ ಅಂತರದಲ್ಲಿ. ಮೂರ್ತಿರಾಯರ ಪುಸ್ತಕವನ್ನು ಮಠದ ವಾಚನಾಲಯದಲ್ಲಿ ಇಡಬಾರದೆನ್ನುವವರನ್ನು ನಾನು ಕಂಡಿದ್ದೇನೆ. ಲಕ್ಕಮ್ಮನಿದ್ದರೆ ಓದಿ ನೋಡಿ, ಆಮೇಲೆ ಅಕ್ಕಿ ಆಯಲು ಹೊರಡುತ್ತಿದ್ದಳೆಂದು ನನ್ನ ಎಣಿಕೆ.

ಇಂದು ಭದ್ರಾ ನಾಲೆಯ ನೀರಿನಿಂದ ದಾವಣಗೆರೆ, ಹರಿಹರಗಳ ಸುತ್ತ ಭತ್ತ ಬೆಳೆಯುತ್ತದೆ. ಅದಕ್ಕೂ ಶತಮಾನಗಳ ಹಿಂದೆಯೇ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಏರಿ ಕಟ್ಟಿದವರಿದ್ದರು. ಮೋಡಕ್ಕೆ ನೆನಪಿಲ್ಲವೆಂದು ತಿಳಿದವರೇ ಕೆರೆ ಕಟ್ಟಿಯಾರು.

ಸರಸ್ವತಿ ನಗರದ ನಮ್ಮ ಮನೆಗೆ ಬರುವಾಗ ಹಳ್ಳಿಯಿಂದ ಆ ಹಗೇವಿನ ಬಾಯಿಬಂಡೆಯನ್ನು ತರಿಸಿಕೊಂಡೆ. ಹಗೇವನ್ನು ನನ್ನ ತಂದೆಯವರ ಕಾಲದಲ್ಲಿಯೇ ಮುಚ್ಚಿಸಲಾಗಿತ್ತು. ಬಂಡೆ ಈಗ ಬಾಗಿಲ ಹೊರಗೆ ಮೆಟ್ಟಿಲಾಗಿದೆ. ಅದರ ಒಂದು ಅಂಚು, ಇರುಳಿನಲ್ಲಿ ಸರಿಸಿ ಸರಿಸಿ ಸವೆದದ್ದು, ಕೈಯಾಡಿಸಿದರೆ ನುಣ್ಣಗೆ ತಗಲುತ್ತದೆ. ಆ ಹುಡುಗಿ ಈಗ ಊರಿನಲ್ಲಿಯೇ ಉಪಾಧ್ಯಾಯಿನಿ. ಕಳೆದ ಯುಗಾದಿಗೆ ಬಂದವಳು ಅದರ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬಂಡೆಯ ಕಥೆಯನ್ನು ಅವಳಿಗೆ ಅಂದೇ ಮೊದಲು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ದುಡಿಯೋ ಮನೆಯವರ ಹೆಸರೇನು ಸರ್?" ಎಂದಳು. ಅಜ್ಜಿ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.