ಪಡ್ರೆಯ ನೆತ್ತರಿನ ಲೆಕ್ಕ

ಬೆಂಗಳೂರಿನ ವಿಜಯನಗರದೊಳಗೆ ಬೆರೆತುಹೋಗಿರುವ ನಮ್ಮ ಮಾರೇನಹಳ್ಳಿಯಲ್ಲಿ ಹಬ್ಬದ ಪಾಯಸಕ್ಕೆಂದು ಗೋಡಂಬಿಯನ್ನು ತುಪ್ಪದಲ್ಲಿ ಹುರಿಯುವವರು, ಅಂಥ ಬೀಜವನ್ನು ಬೆಳೆದ ಗುಡ್ಡಗಳ ಚರಿತ್ರೆಯನ್ನು ಒಮ್ಮೆಯಾದರೂ ಅರಿಯತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆ, ಸ್ವರ್ಗ, ವಾಣೀನಗರಗಳು ಕನ್ನಡ ತುಳುಗಳನ್ನಾಡುವ ಜನರ ನೆಲೆ. ಗುಡ್ಡದ ಮೇಲೆಲ್ಲ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಪು. ಕೆಳಗಿನ ಕಣಿವೆಯಲ್ಲಿ ಅಡಕೆತೋಟ, ಮನೆ, ಶಾಲೆ. ಕುಡಿಯುವ ನೀರೋ, ಗುಡ್ಡದ ಒಡಲನ್ನು ಅಡ್ಡವಾಗಿ ಕೊರೆದ ಸುರಂಗಗಳಿಂದ ಜಿನುಗಿ ಬರತಕ್ಕುದು. ಮೇಲೆ ಸುರಿದುದು ಕೆಳಗಿನವರ ಕೊಡಕ್ಕೆ ಬಾರದಿರಲು ಮಾರ್ಗವೇ ಇರಲಿಲ್ಲ.

ಗೇರಿನ ಚಿಗುರನ್ನೂ ಹೂವನ್ನೂ ಹೀರಿ ಕರಕಲಾಗಿಸುವ ಚಹಾ ಸೊಳ್ಳೆಯೆಂಬ ಕೀಟವನ್ನು ನಾಶಪಡಿಸಲೆಂದು 1970ರ ದಶಕದ ಉತ್ತರಾರ್ಧದಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲು ಆರಂಭಿಸಿದವರು, 2000ನೆಯ ಇಸವಿಯ ಕೊನೆಯವರೆಗೂ ಅದನ್ನು ನಿಲ್ಲಿಸಲಿಲ್ಲ. ಕೈಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳನ್ನು ಕಂಡು, ಇದು ಮದ್ದಿನ ಪರಿಣಾಮವಿರಬಹುದೇ ಎಂದು 1979ರಷ್ಟು ಹಿಂದೆಯೇ ಬರೆದವರು ಪಡ್ರೆಯ ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು. ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರರು ಕೆಲವೇ ಮನೆಗಳ ಪರಿಸರದಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಅರ್ಬುದ, ಜನ್ಮಜಾತ ಅಂಗವೈಕಲ್ಯಗಳು ಒತ್ತಾಗಿ ಕಾಣುತ್ತಿರುವುದನ್ನು ಗಮನಿಸಿ, ವರ್ಷಗಟ್ಟಲೆ ಎಚ್ಚರಿಸುತ್ತ ಬಂದರು. ಪೆರಿಯದ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿಯಮ್ಮನವರು ನ್ಯಾಯಾಲಯದ ಮೆಟ್ಟಿಲೇರಿ 1998ರಲ್ಲಿ ತಡೆಯಾಜ್ಞೆ ತಂದರೂ ಸಿಂಪಡಣೆ ಪೂರ್ತಿ ನಿಲ್ಲಲಿಲ್ಲ. ಇವರೆಲ್ಲರಿಗೂ ಸಿಂಪಡಿಸಿದವರಿಂದ ದೊರೆತ ಉತ್ತರ ಒಂದೇ: ಪುರಾವೆಯೆಲ್ಲಿ?

ಆ ಪುರಾವೆಯನ್ನು ಕೊಡಬಲ್ಲವನು ರಸಾಯನಜ್ಞನೊಬ್ಬನೇ. ಅವನ ಕಾರ್ಯವಿಧಾನವನ್ನು ತುಸು ಸಮೀಪದಿಂದ ನೋಡುವುದು ಯುಕ್ತ. ರಕ್ತವನ್ನು ಹೆಕ್ಸೇನಿನಂಥ ದ್ರಾವಕದೊಡನೆ ಕುಲುಕಿದರೆ ವಿಷವು ದ್ರಾವಕಕ್ಕೆ ಇಳಿಯುತ್ತದೆ. ಕೊಬ್ಬು ಮೊದಲಾದ ಕಲ್ಮಷಗಳನ್ನು ಶೋಧಿಸಿ, ಉಳಿದುದನ್ನು ಹನಿಯಷ್ಟಕ್ಕೆ ಇಂಗಿಸಿ, ಅದರ ಲವಲೇಶವನ್ನು ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರದ ಕೂದಲೆಳೆಯಂಥ ನಳಿಕೆಗೆ ಬಿಡುತ್ತಾರೆ. ನಳಿಕೆಯ ತುದಿಯಲ್ಲಿರುವುದು 1957ರಲ್ಲಿ ಜೇಮ್ಸ್ ಲವ್‌ಲಾಕ್ ರೂಪಿಸಿದ ಎಲೆಕ್ಟ್ರಾನ್‌ಗ್ರಾಹಿ ಶೋಧಕ. ಎಂಡೋಸಲ್ಫಾನಿನ ಅಣುವಿನಲ್ಲಿರುವ ಆರು ಕ್ಲೋರಿನ್ ಪರಮಾಣುಗಳು ಎಲೆಕ್ಟ್ರಾನುಗಳನ್ನು ಸೆಳೆದುಕೊಂಡೊಡನೆ ಹಾಳೆಯ ಮೇಲೆ ಶಿಖರವೊಂದು ಏಳುತ್ತದೆ. ಆಲ್ಫಾ, ಬೀಟಾ ಎಂಬ ಎರಡು ರೂಪಗಳಿಗೆ ಎರಡು ಶಿಖರ. ಮೂರನೆಯದು ಎಂಡೋಸಲ್ಫಾನ್ ಸಲ್ಫೇಟಿನದು. ಈ ಮೂರನೆಯದನ್ನು ಯಾರೂ ಡಬ್ಬಿಯಲ್ಲಿ ತುಂಬಿ ಮಾರಲಿಲ್ಲ. ಮಣ್ಣಿನಲ್ಲಿಯೋ ಜೀವದೇಹದಲ್ಲಿಯೋ ಮೂಲವಿಷವು ಮಾರ್ಪಟ್ಟಾಗ ಹುಟ್ಟಿ, ಅದಕ್ಕಿಂತಲೂ ದೀರ್ಘಕಾಲ ಉಳಿಯುವಂಥದು. ಕಳೆದುಹೋದ ಸಿಂಪಡಣೆಯ ಕುರುಹನ್ನು ಇಷ್ಟು ಸ್ಪಷ್ಟವಾಗಿ ಹಿಡಿದಿಟ್ಟ ಬೇರೆ ದಾಖಲೆ ಪಡ್ರೆಯಲ್ಲಿರಲಿಲ್ಲ.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಪ್ರಯೋಗಾಲಯವು ಪಡ್ರೆಯ ಜನರ ರಕ್ತ, ಎದೆಹಾಲು, ನೀರು, ಮಣ್ಣುಗಳನ್ನು ಪರೀಕ್ಷಿಸಿ ಎಂಡೋಸಲ್ಫಾನಿನ ಇರವನ್ನು ಪ್ರಕಟಿಸಿತು. ಕಾರ್ಪೊರೇಶನ್ ನೇಮಿಸಿದ ಬೇರೊಂದು ಸಂಸ್ಥೆ ಆತಂಕಕ್ಕೆ ಕಾರಣವಿಲ್ಲವೆಂದಿತು. ಈ ವಿವಾದದ ನಡುವೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು, ಪಡ್ರೆಯ 117 ಮಂದಿ ಶಾಲಾಬಾಲಕರನ್ನು ಮದ್ದು ಸೋಕದ ಊರಿನ 90 ಬಾಲಕರೊಡನೆ ಹೋಲಿಸಿದರು. 2003ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ, ನೂರು ಕೋಟಿ ಪಾಲು ರಕ್ತಸಾರದಲ್ಲಿ ಎಂಡೋಸಲ್ಫಾನಿನ ಸರಾಸರಿ ಪ್ರಮಾಣ ಪಡ್ರೆಯವರಲ್ಲಿ 7.47 ಪಾಲು, ಉಳಿದವರಲ್ಲಿ 1.37. ರಕ್ತ ತೆಗೆದಾಗ ಸಿಂಪಡಣೆ ನಿಂತು ಆಗಲೇ ತಿಂಗಳುಗಳು ಕಳೆದಿದ್ದವು. ಪಡ್ರೆಯ ಬಾಲಕರ ಪ್ರಾಯಪ್ರಾಪ್ತಿಯೂ ತಡವಾಗುತ್ತಿದ್ದಿತು.

ನಮ್ಮ ದಕ್ಷಿಣ ಕನ್ನಡವೇನೂ ಈ ಅನರ್ಥದಿಂದ ಪಾರಾಗಲಿಲ್ಲ. ಸರ್ಕಾರಿ ಗೇರುತೋಪುಗಳ ಮಗ್ಗುಲಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಸಾಕುತ್ತ ಹಣ್ಣಾದ ತಾಯಂದಿರು ಅದೆಷ್ಟೋ ಮಂದಿ.

ರಸಾಯನಶಾಸ್ತ್ರದ ಸಾಧನೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಅದನ್ನು ಪಡ್ರೆಗೆ ಕರೆತಂದ ಕ್ರಮವು ಅನ್ಯಾಯದ್ದು. ಊರ ಬಾವಿಯ ನೀರನ್ನೂ ಜನರ ರಕ್ತವನ್ನೂ ಮೊದಲೇ ಪರೀಕ್ಷಿಸಿಡುವ ಹೊಣೆ ಸಿಂಪಡಿಸಿದವರದಾಗಿದ್ದಿತು; ಅದನ್ನು ಅವರು ಹೊರಲಿಲ್ಲ, ಹೊರಿಸಬೇಕಾದವರು ಹೊರಿಸಲಿಲ್ಲ. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ತಡೆದದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆಜ್ಞಾಪಿಸಿದ್ದು 2017ರ ಜನವರಿಯಲ್ಲಿ, ಶ್ರೀ ಪಡ್ರೆಯವರು ಕರುಗಳ ವಿಷಯವನ್ನು ಬರೆದ ಸುಮಾರು 38 ವರ್ಷಗಳ ತರುವಾಯ.