ಮೂರು ತಲೆಮಾರು, ಒಂದೇ ಪ್ರವಾಸ: ಸಿಂಗಪುರಕ್ಕೆ ಹೊರಡುವ ಮುನ್ನ

ಅಜ್ಜ-ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಒಟ್ಟಾಗಿ ಕೈಗೊಳ್ಳುವ ಮೊದಲ ವಿದೇಶ ಪ್ರವಾಸಕ್ಕೆ ಸಿಂಗಪುರ ಹಲವು ರೀತಿಯಲ್ಲಿ ಅನುಕೂಲಕರ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಅದು ಸುಮಾರು ನಾಲ್ಕೂವರೆ ಗಂಟೆಯ ಹಾದಿ. ಇಡೀ ದೇಶದ ವಿಸ್ತೀರ್ಣವೇ ಸುಮಾರು 735 ಚದರ ಕಿಲೋಮೀಟರ್ ಆದ್ದರಿಂದ ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್ ಎಂಬ ಅಲೆದಾಟವಿಲ್ಲ. ತಮಿಳು ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲೊಂದು. ಆದರೆ ಎಪ್ಪತ್ತು ದಾಟಿದವರೂ ಏಳರ ಮಗುವೂ ಒಂದೇ ವೇಗದಲ್ಲಿ ನಡೆಯಲಾರರು. ಪ್ರವಾಸದ ಯೋಜನೆ ಈ ಸತ್ಯದಿಂದಲೇ ಆರಂಭವಾಗಬೇಕು.

ದಾಖಲೆಗಳು

ಭಾರತೀಯರು ಹೊರಡುವ ಮೊದಲೇ ವೀಸಾ ಪಡೆದಿರಬೇಕು. ಕೈಗೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್, ಪ್ರತ್ಯೇಕ ವೀಸಾ ಅಗತ್ಯ. ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಚಿಕ್ಕ ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷಗಳ ಮಾನ್ಯತೆ ಇರುವುದರಿಂದ ಅದರ ದಿನಾಂಕವನ್ನು ಮೊದಲು ನೋಡಬೇಕು. ಹಿರಿಯರ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರಾಗಿ ವಿಸ್ತರಿಸಿರುವುದುಂಟು. ಟಿಕೆಟ್ಟಿನಲ್ಲೂ ಹೆಸರು ಹಾಗೆಯೇ ಇರಲಿ. ತಲುಪುವ ದಿನವೂ ಸೇರಿದಂತೆ ಮೂರು ದಿನಗಳೊಳಗೆ ಪ್ರತಿಯೊಬ್ಬರ ಆಗಮನ ಪತ್ರವನ್ನು ಅಂತರ್ಜಾಲದಲ್ಲಿ ತುಂಬಬೇಕು. ಇದಕ್ಕೆ ಶುಲ್ಕವಿಲ್ಲ.

ಔಷಧ, ಬುತ್ತಿ

ಎಚ್ಚರ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಸ್ವಂತ ಬಳಕೆಗೆ ಮೂರು ತಿಂಗಳಿಗೆ ಸಾಲುವಷ್ಟು ಔಷಧ ಒಯ್ಯಲು ಅವಕಾಶವಿದೆ. ಆದರೆ ಕೆಲವು ನಿದ್ರೆಯ ಮಾತ್ರೆ, ಪ್ರಬಲ ನೋವುನಿವಾರಕ ಹಾಗೂ ಕೊಡೀನ್ ಇರುವ ಔಷಧಗಳಿಗೆ ಅಲ್ಲಿನ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಪೂರ್ವಾನುಮತಿ ಬೇಕಾಗುತ್ತದೆ. ವೈದ್ಯರ ಚೀಟಿ ಜತೆಗಿರಲಿ, ಮಾತ್ರೆಗಳು ಮೂಲ ಪೊಟ್ಟಣದಲ್ಲೇ ಇರಲಿ. ಇನ್ಸುಲಿನ್ ಕೈಚೀಲದಲ್ಲಿರಲಿ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಔಷಧದ ವೇಳೆಯನ್ನು ವೈದ್ಯರಿಂದಲೇ ಗೊತ್ತುಪಡಿಸಿಕೊಳ್ಳಬೇಕು.

ಅಜ್ಜನ ಎಲೆ-ಅಡಿಕೆ ಸಂಚಿಯಲ್ಲಿ ಹೊಗೆಸೊಪ್ಪು ಇರಬಾರದು, ಏಕೆಂದರೆ ಅಗಿಯುವ ತಂಬಾಕು ಅಲ್ಲಿ ನಿಷಿದ್ಧ. ಗಸಗಸೆಗೂ ನಿರ್ಬಂಧವಿರುವುದರಿಂದ ಮನೆಯ ಮಸಾಲೆಪುಡಿ ಕಟ್ಟುವಾಗ ಅಜ್ಜಿಗೆ ತಿಳಿಸಬೇಕು. ಮಕ್ಕಳ ಚೂಯಿಂಗ್ ಗಮ್ ಆಮದಿಗೆ 1992ರಿಂದಲೇ ನಿಷೇಧವಿದೆ.

ವಿಮೆ

ಸಿಂಗಪುರದ ಸರ್ಕಾರಿ ಆಸ್ಪತ್ರೆಗಳಲ್ಲೂ ವಿದೇಶಿಯರಿಗೆ ರಿಯಾಯಿತಿ ದರವಿಲ್ಲ. ಹಲವು ಪ್ರವಾಸ ವಿಮೆಗಳು ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳಿಗೆ ಸಂಬಂಧಿಸಿದ ಚಿಕಿತ್ಸೆಯನ್ನು ಹೊರಗಿಡುತ್ತವೆ ಅಥವಾ ಪ್ರಾಣಾಪಾಯದ ಸಂದರ್ಭಕ್ಕೆ ಸೀಮಿತಗೊಳಿಸುತ್ತವೆ. ಕಂತು ಉಳಿಸಲೆಂದು ಕಾಯಿಲೆಯನ್ನು ಮುಚ್ಚಿಟ್ಟರೆ ಒಂದು ರಾತ್ರಿಯ ಆಸ್ಪತ್ರೆವಾಸವೂ ಕುಟುಂಬದ ಉಳಿತಾಯಕ್ಕೆ ಪೆಟ್ಟು ಕೊಡಬಹುದು. ತುರ್ತು ಆಂಬುಲೆನ್ಸ್‌ಗೆ 995, ಪೊಲೀಸರಿಗೆ 999. ಈ ಸಂಖ್ಯೆಗಳು ಹಿರಿಯರ ಜೇಬಿನಲ್ಲೂ ಇರಬೇಕು.

ವಸತಿ, ಓಡಾಟ

ಎಂಟು ಮಂದಿಗೆ ಒಂದೇ ಮನೆ ಬಾಡಿಗೆಗೆ ಹಿಡಿಯುವ ಯೋಚನೆ ಆಕರ್ಷಕವಾಗಿ ಕಾಣಬಹುದು. ಆದರೆ ಖಾಸಗಿ ಮನೆಗಳನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವುದು ಅಲ್ಲಿ ಕಾನೂನುಬಾಹಿರ. ಹೋಟೆಲಿನಲ್ಲಿ ಒಳಬಾಗಿಲಿನಿಂದ ಕೂಡಿದ ಜೋಡಿ ಕೋಣೆಗಳನ್ನು ಕೇಳುವುದು ಉತ್ತಮ. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಸೌಲಭ್ಯವಿದೆ. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಗೆ ಟಿಕೆಟ್ ಕಾಯ್ದಿರಿಸುವಾಗಲೇ ಕೋರಿಕೆ ಸಲ್ಲಿಸಬೇಕು. ‘ನಡೆಯಬಲ್ಲೆ’ ಎಂದು ಹಿರಿಯರು ಸಂಕೋಚಪಟ್ಟರೂ ಮೊದಲ ದಿನವೇ ಅವರ ಕಾಲು ಸೋಲದಂತೆ ನೋಡಿಕೊಳ್ಳುವುದು ಮುಖ್ಯ.

ಏನು ನೋಡಬೇಕು?

ಸಮಭಾಜಕಕ್ಕೆ ಸಮೀಪದ ಸಿಂಗಪುರದಲ್ಲಿ ವರ್ಷವಿಡೀ ಸೆಕೆ, ಮಳೆ ಎರಡೂ ಇವೆ. ನವೆಂಬರ್‌ನಿಂದ ಜನವರಿವರೆಗೆ ಮಳೆ ಹೆಚ್ಚು. ಆದ್ದರಿಂದ ಬೆಳಿಗ್ಗೆ ಒಂದು ತಾಣ, ಮಧ್ಯಾಹ್ನ ವಿಶ್ರಾಂತಿ, ಸಂಜೆ ಇನ್ನೊಂದು ಎಂಬ ಕ್ರಮ ಸೂಕ್ತ.

1859ರಲ್ಲಿ ಸ್ಥಾಪನೆಯಾದ ಸಸ್ಯೋದ್ಯಾನ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಆರ್ಕಿಡ್ ವನಕ್ಕೆ ಮಾತ್ರ ಪ್ರವೇಶ ಶುಲ್ಕವಿದೆ. ಮಂಡಾಯ್ ಪ್ರದೇಶದಲ್ಲಿ 1973ರ ಮೃಗಾಲಯವೂ 1994ರ ರಾತ್ರಿ ಸಫಾರಿಯೂ ಇವೆ. ಹಳೆಯ ಜುರಾಂಗ್ ಪಕ್ಷಿಧಾಮ 2023ರ ಜನವರಿಯಲ್ಲಿ ಮುಚ್ಚಿದ್ದು, ಹೊಸ ಪಕ್ಷಿಧಾಮ ಅದೇ ವರ್ಷ ಮಂಡಾಯ್‌ನಲ್ಲಿ ತೆರೆಯಿತು. ಸಮುದ್ರದಂಚಿನ ಗಾರ್ಡನ್ಸ್ ಬೈ ದಿ ಬೇ ಉದ್ಯಾನದ ತಂಪು ಗಾಜಿನ ಮನೆಗಳು ಹಿರಿಯರಿಗೆ ಹಿತಕರ.

ಸೆರಂಗೂನ್ ರಸ್ತೆಯ ಸುತ್ತಲಿನ ಲಿಟ್ಲ್ ಇಂಡಿಯಾದಲ್ಲಿ ಇಡ್ಲಿ, ದೋಸೆ, ಹೂವು ಎಲ್ಲವೂ ದೊರೆಯುತ್ತವೆ. ಅದೇ ರಸ್ತೆಯಲ್ಲಿ ಶ್ರೀನಿವಾಸ ಪೆರುಮಾಳ್ ದೇಗುಲವಿದೆ. ಚೈನಾಟೌನ್‌ನ ಮಾರಿಯಮ್ಮನ್ ದೇಗುಲ 1827ರಷ್ಟು ಹಳೆಯದು.

ಕೊನೆಯದಾಗಿ, ಅಜ್ಜ-ಅಜ್ಜಿಯರು ಮೊಮ್ಮಕ್ಕಳನ್ನು ಕಾಯಲೆಂದು ಮಾತ್ರ ಬಂದವರಲ್ಲ. ಕಿರಿಯರು ಸುತ್ತಾಡುವಾಗ ಅವರು ಪ್ರತಿ ಸಂಜೆ ಹೋಟೆಲ್ ಕೋಣೆಯಲ್ಲಿ ಮಗುವನ್ನು ಮಲಗಿಸುತ್ತ ಕೂರುವಂತಾದರೆ ಅದು ಅವರ ಪ್ರವಾಸವಾಗುವುದಿಲ್ಲ. ಹೊರಡುವ ಮುನ್ನ ‘ನಿಮಗೆ ಏನು ನೋಡಬೇಕು?’ ಎಂದು ಅವರನ್ನೂ ಕೇಳಿ, ಒಂದು ದಿನವನ್ನಾದರೂ ಅವರ ಇಷ್ಟಕ್ಕೆ ಬಿಡುವುದು ಯುಕ್ತ.